ವರ್ಣತಂತುಗಳ ಲೆಕ್ಕ

ಜೀವಕೋಶ ಹುಟ್ಟುವುದು ಇನ್ನೊಂದು ಜೀವಕೋಶದಿಂದಲೇ. ಇಂದು ಶಾಲೆಯ ಮಕ್ಕಳಿಗೂ ಗೊತ್ತಿರುವ ಈ ಮಾತನ್ನು ವಿಜ್ಞಾನಿಗಳು ಒಪ್ಪಲು ಹೊತ್ತು ಹಿಡಿಯಿತು. ಪ್ರಾಣಿಗಳ ದೇಹವೂ ಕೋಶಗಳಿಂದಾಗಿದೆ ಎಂದು 1839ರಲ್ಲಿ ತೋರಿಸಿದ ಥಿಯೊಡೋರ್ ಶ್ವಾನ್ ಕೂಡ, ಸಕ್ಕರೆ ಪಾಕದಲ್ಲಿ ಹರಳು ಕಟ್ಟಿದಂತೆ ಕೋಶಗಳು ದ್ರವದಿಂದ ಮೂಡುತ್ತವೆಂದು ನಂಬಿದ್ದರು. ಕೋಳಿಯ ಭ್ರೂಣದಲ್ಲಿ ರಕ್ತಕೋಶಗಳು ಇಬ್ಭಾಗವಾಗುವುದನ್ನು ಕಂಡ ರಾಬರ್ಟ್ ರೆಮಾಕ್ ಇದನ್ನು ಅಲ್ಲಗಳೆದರು. ಕೀರ್ತಿ ಬಹುಪಾಲು ಸಂದದ್ದು ಮಾತ್ರ, 1855ರಲ್ಲಿ ಅದನ್ನೇ ಸಾರಿದ ರುಡಾಲ್ಫ್ ವಿರ್ಶೋ ಅವರಿಗೆ.

ಕೋಶ ಎರಡಾಗುವುದು ಹೇಗೆಂದು ತಿಳಿಯಲು ಜರ್ಮನಿಯ ಕೀಲ್ ನಗರದಲ್ಲಿ ವಾಲ್ಟರ್ ಫ್ಲೆಮಿಂಗ್ ಸಾಲಮ್ಯಾಂಡರ್ ಮರಿಗಳ ಕೋಶಗಳಿಗೆ ಬಣ್ಣ ಹಾಯಿಸಿ ನೋಡಿದರು. ಕೋಶಕೇಂದ್ರದಲ್ಲಿ ಬಣ್ಣ ಹೀರಿದ ಎಳೆಗಳು ಕಂಡವು. ಗ್ರೀಕ್ ಭಾಷೆಯ ‘ಎಳೆ’ ಎಂಬ ಪದದಿಂದ ಅವರು ಈ ವಿಭಜನೆಗೆ ಮೈಟಾಸಿಸ್ ಎಂದು ಹೆಸರಿಟ್ಟರು. ಎಳೆಗಳಿಗೆ ‘ಬಣ್ಣದ ಕಾಯ’ ಎಂಬರ್ಥದ ಕ್ರೋಮೊಸೋಮ್ ಎಂಬ ಹೆಸರು 1888ರಲ್ಲಿ ಬಂತು. ಕನ್ನಡದ ‘ವರ್ಣತಂತು’ವಿನಲ್ಲಿ ಬಣ್ಣವೂ ಇದೆ, ಎಳೆಯೂ ಇದೆ, ಮೂಲಕ್ಕಿಂತ ಇದೇ ಚೆಂದ.

ಮನುಷ್ಯನ ಒಂದು ಕೋಶದ ಡಿಎನ್‌ಎಯನ್ನು ಬಿಡಿಸಿ ಸಾಲಾಗಿ ಜೋಡಿಸಿದರೆ ಸುಮಾರು 2 ಮೀಟರ್. ವಿಭಜನೆಗೆ ಮೊದಲೇ ಅದರ ಪ್ರತಿ ತಯಾರಾಗಿರುತ್ತದೆ. ಬಳಿಕ ಪ್ರತಿ ವರ್ಣತಂತುವೂ ಸುರುಳಿ ಸುತ್ತಿ ಗಿಡ್ಡವಾಗಿ, ನಡು ಅಂಟಿಕೊಂಡ ಜೋಡಿಯಾಗಿ ಕಾಣುತ್ತದೆ. ಜೋಡಿಗಳು ಕೋಶದ ಮಧ್ಯದಲ್ಲಿ ಸಾಲುಗಟ್ಟುತ್ತವೆ. ಎರಡು ತುದಿಗಳಿಂದ ಬಂದ ಕದಿರೆಳೆಗಳು ಒಂದೊಂದು ಪ್ರತಿಯನ್ನು ತಮ್ಮತ್ತ ಸೆಳೆಯುತ್ತವೆ. ಆಮೇಲೆ ಪ್ರಾಣಿಕೋಶ ನಡುವೆ ಹಿಸುಕಿಕೊಂಡು ಎರಡಾಗುತ್ತದೆ, ಸಸ್ಯಕೋಶ ನಡುವೆ ಗೋಡೆ ಕಟ್ಟಿಕೊಳ್ಳುತ್ತದೆ. ಅಂಡಾಣು, ವೀರ್ಯಾಣುಗಳ ದಾರಿ ಬೇರೆ: ಒಮ್ಮೆ ಪ್ರತಿ, ಎರಡು ಬಾರಿ ವಿಭಜನೆ. ಹೀಗಾಗಿ ಮನುಷ್ಯನ ಉಳಿದ ಕೋಶಗಳಲ್ಲಿರುವ 46 ವರ್ಣತಂತುಗಳ ಬದಲು ಇವುಗಳಲ್ಲಿ 23 ಉಳಿಯುತ್ತವೆ.

ಈ 46 ಎಂಬ ಲೆಕ್ಕವೂ ಸುಲಭವಾಗಿ ಸಿಕ್ಕದ್ದಲ್ಲ. 1923ರಲ್ಲಿ ಥಿಯೋಫಿಲಸ್ ಪೇಂಟರ್ 48 ಎಂದರು. ಮೂರು ದಶಕ ಪಠ್ಯಪುಸ್ತಕಗಳು ಅದನ್ನೇ ಹೇಳಿದವು. ಒಂದರ ಮೇಲೊಂದು ಬಿದ್ದ ಎಳೆಗಳನ್ನು ಎಣಿಸುವುದೇ ಕಷ್ಟವಾಗಿತ್ತು. ಕೋಶಗಳನ್ನು ತೆಳು ಲವಣದ್ರಾವಣದಲ್ಲಿಟ್ಟರೆ ಅವು ಉಬ್ಬಿ ವರ್ಣತಂತುಗಳು ಬಿಡಿಯಾಗಿ ಹರಡುತ್ತವೆ. ಈ ಉಪಾಯ ಬಳಸಿ ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಚಿಯೋ ಮತ್ತು ಆಲ್ಬರ್ಟ್ ಲೆವಾನ್ ಸರಿಯಾದ ಸಂಖ್ಯೆಯನ್ನು 1956ರಲ್ಲಿ ಪ್ರಕಟಿಸಿದರು. ಡೌನ್ ಸಿಂಡ್ರೋಮ್‌ಗೆ ಒಂದು ಹೆಚ್ಚುವರಿ ವರ್ಣತಂತು ಕಾರಣವೆಂದು 1959ರಲ್ಲಿ ತಿಳಿದುಬಂತು.

ಸಂಖ್ಯೆ ಹೆಚ್ಚಿದ್ದ ಮಾತ್ರಕ್ಕೆ ಜೀವಿ ದೊಡ್ಡದೇನಲ್ಲ. ಈರುಳ್ಳಿಗೆ 16 ವರ್ಣತಂತುಗಳಿದ್ದರೆ ಭಾರತದ ಕಾಡುಕುರಿಯ ಹೆಣ್ಣಿಗೆ ಆರು, ಗಂಡಿಗೆ ಏಳು. ಅದರ ಪೂರ್ವಜರಲ್ಲಿ ಬಿಡಿಬಿಡಿಯಾಗಿದ್ದ ವರ್ಣತಂತುಗಳು ಬೆಸೆದುಕೊಂಡು ಇಷ್ಟಕ್ಕಿಳಿದಿವೆ. ಚೀನಾದಲ್ಲಿರುವ ಅದರ ಹತ್ತಿರದ ನೆಂಟನಿಗೆ 46.