ಒಂದು ನಿಮಿಷದ ಮೌನ, ಅದರ ನಂತರ

ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ 2019ರ ಡಿಸೆಂಬರ್ 29ರಂದು ಉಡುಪಿಯಲ್ಲಿ ನಿಧನರಾದರು. ರಾಜ್ಯ ಸರಕಾರ ಮೂರು ದಿನಗಳ ಶೋಕಾಚರಣೆ ಘೋಷಿಸಿತು. ಆ ವಾರ ಮದ್ರಸದಲ್ಲಿ ಒಬ್ಬ ಹುಡುಗ ಕೇಳಿದ: "ಉಸ್ತಾದ್, ಶಾಲೆಯಲ್ಲಿ ಸ್ವಾಮೀಜಿಯವರಿಗಾಗಿ ಒಂದು ನಿಮಿಷ ಎದ್ದು ನಿಂತೆವು. ಅಯೋಧ್ಯೆ ಚಳವಳಿಯಲ್ಲಿದ್ದವರಿಗೆ ನಾವೇಕೆ ನಿಲ್ಲಬೇಕು ಎಂದು ಮನೆಯಲ್ಲಿ ಹೇಳಿದರು. ತಪ್ಪಾಯಿತೇ?"

ವಿಧಾನಸಭೆಯಲ್ಲೂ ಇಂತಹದೇ ರೂಢಿಯಿದೆ. ಮಠಾಧೀಶರಿರಲಿ, ವಿದ್ವಾಂಸರಿರಲಿ, ಗಣ್ಯರು ಅಗಲಿದಾಗ ಸಭಾಧ್ಯಕ್ಷರು ಸಂತಾಪ ಸೂಚನೆ ಮಂಡಿಸುತ್ತಾರೆ. ವಿವಿಧ ಪಕ್ಷಗಳ ನಾಯಕರು ಮಾತನಾಡುತ್ತಾರೆ. ಬಳಿಕ ಎಲ್ಲ ಸದಸ್ಯರೂ ಎದ್ದು ನಿಂತು ಮೌನ ಆಚರಿಸುತ್ತಾರೆ. ಅವರಲ್ಲಿ ಮುಸ್ಲಿಮ್ ಶಾಸಕರೂ ಇರುತ್ತಾರೆ. ಅದು ಆರಾಧನೆಯಲ್ಲ, ನಾಡಿನ ಸೌಜನ್ಯ.

ಹುಡುಗನಿಗೆ ನಾನು ಒಂದು ಹದೀಸ್ ನೆನಪಿಸಿದೆ. ಯಹೂದಿಯೊಬ್ಬರ ಶವಯಾತ್ರೆ ಹಾದುಹೋದಾಗ ಪ್ರವಾದಿ(ಸ) ಎದ್ದು ನಿಂತರು. ಅದು ಯಹೂದಿಯ ಶವ ಎಂದು ಸಹಾಬಿಗಳು ತಿಳಿಸಿದಾಗ, ಅದೂ ಒಂದು ಜೀವವಲ್ಲವೇ ಎಂದು ಕೇಳಿದರು. ಬುಖಾರಿ ಮತ್ತು ಮುಸ್ಲಿಮ್ ಇದನ್ನು ವರದಿ ಮಾಡಿದ್ದಾರೆ.

ಗೌರವಿಸುವುದೆಂದರೆ ಎಲ್ಲವನ್ನೂ ಒಪ್ಪಿಕೊಳ್ಳುವುದೆಂದಲ್ಲ. ಅಯೋಧ್ಯೆಯ ವಿಷಯದಲ್ಲಿ ಸ್ವಾಮೀಜಿಯವರೊಂದಿಗೆ ನಮಗೆ ಭಿನ್ನಾಭಿಪ್ರಾಯವಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 2017ರ ರಮಝಾನಿನಲ್ಲಿ ಅವರು ಉಡುಪಿ ಕೃಷ್ಣಮಠದಲ್ಲಿ ಇಫ್ತಾರ್ ಏರ್ಪಡಿಸಿದ್ದೂ ನಿಜ. ನಮ್ಮವರು ಅಲ್ಲಿ ಉಪವಾಸ ತೊರೆದರು, ನಮಾಝ್ ಮಾಡಿದರು. ಕೆಲವು ಸಂಘಟನೆಗಳು ವಿರೋಧಿಸಿದರೂ ಅವರು ಹಿಂದೆ ಸರಿಯಲಿಲ್ಲ. ನ್ಯಾಯವಾಗಿ ತೂಗುವವರು ತಕ್ಕಡಿಯ ಎರಡೂ ತಟ್ಟೆಗಳನ್ನು ನೋಡಬೇಕು.

ನಿರ್ಣಯದ ಪ್ರತಿ ಕಡತ ಸೇರುತ್ತದೆ. 2020ರಲ್ಲಿ ಸ್ವಾಮೀಜಿಯವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವೂ ಸಂದಿತು. ಆದರೆ ಅವರು ತೆರೆದ ಆ ಬಾಗಿಲನ್ನು ತೆರೆದಿಡಬೇಕಾದವರು ಬದುಕಿರುವವರು. 2022ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಕುಂದಾಪುರದಲ್ಲಿ ಹಿಜಾಬ್ ಧರಿಸಿದ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತಿದ್ದರು. ಆಗ ಆ ಇಫ್ತಾರ್ ಎಷ್ಟು ಮಂದಿಗೆ ನೆನಪಾಯಿತು? ದೊಡ್ಡವರಿಗೆ ಸಂತಾಪ ಸೂಚಿಸುವುದು ಸುಲಭ, ಅವರ ಒಳ್ಳೆಯ ಕೆಲಸವನ್ನು ಮುಂದುವರಿಸುವುದು ಕಷ್ಟ.

ಈ ಮಾತು ನಮಗೂ ಅನ್ವಯಿಸುತ್ತದೆ. ನಮ್ಮ ಉಲಮಾಗಳಿಗೆ ಸದನದಲ್ಲಿ ಗೌರವ ಸಿಕ್ಕಿತೇ ಎಂದು ಲೆಕ್ಕ ಹಾಕುವ ಮೊದಲು, ಅವರು ಕಲಿಸಿದ್ದನ್ನು ನಾವೆಷ್ಟು ಉಳಿಸಿಕೊಂಡಿದ್ದೇವೆ ಎಂದು ಕೇಳಿಕೊಳ್ಳೋಣ. ಮರಣದ ನಂತರವೂ ಮುಂದುವರಿಯುವ ಮೂರು ಸಂಗತಿಗಳನ್ನು ಪ್ರವಾದಿ(ಸ) ಕಲಿಸಿದ್ದಾರೆ: ನಿರಂತರ ದಾನ, ಪ್ರಯೋಜನಕಾರಿ ವಿದ್ಯೆ, ಪ್ರಾರ್ಥಿಸುವ ಸಜ್ಜನ ಸಂತಾನ. ಈ ಪಟ್ಟಿಯಲ್ಲಿ ಬಿರುದುಗಳಿಲ್ಲ.

ಬೈಂದೂರಿನಿಂದ ಬ್ರಹ್ಮಾವರದವರೆಗೆ ನಮ್ಮ ನೆರೆಯಲ್ಲಿ ಯಾವ ಮನೆಯಲ್ಲಿ ಸಾವಾದರೂ ನಾವು ಮೊದಲು ಅಲ್ಲಿಗೆ ಹೋಗೋಣ. ನೆರೆಯವರಿಗೆ ಅದಕ್ಕಿಂತ ದೊಡ್ಡ ಸಂತಾಪ ಸೂಚನೆ ಬೇರಿಲ್ಲ.