ಜಾಝ್ ತಟ್ಟೆಗಳ ಕಳ್ಳಭಟ್ಟಿ: ಅಸಲು ಯಾವುದು, ನಕಲು ಯಾವುದು?

ಮುಂಬಯಿ: ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ಗಡಿಯಾರ, ಲಾಟೀನು, ಸಿನಿಮಾ ಪೋಸ್ಟರುಗಳ ನಡುವೆ ಗ್ರಾಮಫೋನ್ ತಟ್ಟೆಗಳ ರಾಶಿಯೂ ಇರುತ್ತದೆ. ರಫಿ, ಲತಾ ಹಾಡುಗಳನ್ನು ಹುಡುಕುವವರೇ ಅಲ್ಲಿ ಹೆಚ್ಚು. ಆದರೆ ಅಮೆರಿಕದ ಜಾಝ್ ತಟ್ಟೆಗಾಗಿ ಕುಕ್ಕರಗಾಲಲ್ಲಿ ಕೂತು ಧೂಳು ಒರೆಸುವ ಸಣ್ಣ ಪಂಗಡವೊಂದೂ ಈ ಮಹಾನಗರದಲ್ಲಿದೆ. ಕಾಲಾ ಘೋಡಾದ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿದ ಮೇಲೆ ಇವರ ಹುಡುಕಾಟ ಫುಟ್‌ಪಾತಿಗೂ ಅಂತರ್ಜಾಲದ ಮಾರಾಟಕ್ಕೂ ಹಂಚಿಹೋಗಿದೆ. ಎರಡೂ ಕಡೆ ಕಾಡುವ ಪ್ರಶ್ನೆ ಒಂದೇ: ಕೈಗೆ ಸಿಕ್ಕಿದ್ದು ಅಸಲೇ, ಬೂಟ್‌ಲೆಗ್ಗೇ?

ಬೂಟ್‌ಲೆಗ್ ಎಂದರೆ ನಮ್ಮ ಮಾತಿನಲ್ಲಿ ಕಳ್ಳಭಟ್ಟಿ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧ ಜಾರಿಯಲ್ಲಿದ್ದಾಗ ಕದ್ದು ಮಾರುತ್ತಿದ್ದ ಮದ್ಯದ ಹೆಸರು ಮುಂದೆ ಕದ್ದು ಅಚ್ಚು ಹಾಕಿದ ತಟ್ಟೆಗಳಿಗೂ ಅಂಟಿಕೊಂಡಿತು. ಇದರಲ್ಲಿ ಎರಡು ಬಗೆ. ದುಬಾರಿಯಾದ ಹಳೆಯ ತಟ್ಟೆಯ ತದ್ರೂಪು ಮಾಡಿ ಅಸಲೆಂದು ಮಾರುವುದು ಒಂದು. ಇಲ್ಲಿ ಮೋಸ ಹೋಗುವವನು ಕೊಂಡವನು. ಕಲಾವಿದನನ್ನು ಕೇಳದೆ, ಕಾಸು ಕೊಡದೆ ಅವನ ಸಂಗೀತವನ್ನು ಅಚ್ಚು ಹಾಕುವುದು ಇನ್ನೊಂದು; ಇಲ್ಲಿ ಮೋಸ ಹೋಗುವವನು ನುಡಿಸಿದವನು. ಸಂಗ್ರಾಹಕರು ಮೊದಲನೆಯದಕ್ಕೆ ಹಾಕುವಷ್ಟು ಬೊಬ್ಬೆಯನ್ನು ಎರಡನೆಯದಕ್ಕೆ ಹಾಕುವುದಿಲ್ಲ.

ಈ ದಂಧೆಯ ಪ್ರಸಿದ್ಧ ಪ್ರಕರಣ ನ್ಯೂಯಾರ್ಕಿನದು. 1950ರ ಸುಮಾರಿಗೆ ಡಾಂಟೆ ಬೊಲೆಟಿನೊ ಎಂಬ ತರುಣ ‘ಜಾಲಿ ರೋಜರ್’ ಹೆಸರಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್, ಜೆಲ್ಲಿ ರೋಲ್ ಮಾರ್ಟನ್ ಮೊದಲಾದವರ ಹಳೆಯ ಸಂಗೀತವನ್ನು ಎಲ್‌ಪಿ ಮಾಡಿ ಮಾರತೊಡಗಿದ. ಜಾಲಿ ರೋಜರ್ ಎಂದರೆ ಕಡಲುಗಳ್ಳರ ತಲೆಬುರುಡೆಯ ಬಾವುಟ! ಕಳ್ಳ ಹೆಸರು ಹೇಳಿಕೊಂಡೇ ಬಂದಿದ್ದ. ತನ್ನ ತಟ್ಟೆಗಳನ್ನು ಅಚ್ಚು ಹಾಕಲು ಆತ ಕೊಟ್ಟದ್ದು ಹೊರಗಿನವರ ಕೆಲಸವನ್ನೂ ಮಾಡಿಕೊಡುತ್ತಿದ್ದ ಆರ್‌ಸಿಎ ವಿಕ್ಟರ್ ಕಂಪೆನಿಯ ಕಾರ್ಖಾನೆಗೆ. ಅವುಗಳಲ್ಲಿ ಕೆಲವು ವಿಕ್ಟರ್ ಕಂಪೆನಿಯೇ ಹಿಂದೆ ಮುದ್ರಿಸಿದ್ದ ಸಂಗೀತ. ಮಾಲು ಕಳಕೊಂಡವರೇ ಕೂಲಿ ಪಡೆದು ಕಳ್ಳಮಾಲು ತಯಾರಿಸಿಕೊಟ್ಟಂತಾಯಿತು. ‘ರೆಕಾರ್ಡ್ ಚೇಂಜರ್’ ಪತ್ರಿಕೆ 1951ರಲ್ಲಿ ಇದನ್ನು ಬಯಲಿಗೆಳೆಯಿತು. 1952ರಲ್ಲಿ ಕೊಲಂಬಿಯಾ ಕಂಪೆನಿ ಮತ್ತು ಆರ್ಮ್‌ಸ್ಟ್ರಾಂಗ್ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಜಾಲಿ ರೋಜರ್ ಕಣ್ಣುಮುಚ್ಚಿತು.

ಆಗ ಬೂಟ್‌ಲೆಗ್ಗಿನ ಪರವಾಗಿಯೂ ಒಂದು ವಾದವಿತ್ತು. ದೊಡ್ಡ ಕಂಪೆನಿಗಳು ಹಳೆಯ ಜಾಝನ್ನು ಗೋದಾಮಿಗೆ ತಳ್ಳಿ ಮರೆತಿದ್ದವು; ತಾವೂ ಮಾರರು, ಬೇರೆಯವರಿಗೂ ಬಿಡರು. ಕಾನೂನೂ ಸಡಿಲವಾಗಿತ್ತು. ಅಮೆರಿಕದ ಕೇಂದ್ರ ಹಕ್ಕುಸ್ವಾಮ್ಯ ಕಾಯಿದೆ ಧ್ವನಿಮುದ್ರಣಕ್ಕೆ ರಕ್ಷಣೆ ಕೊಟ್ಟದ್ದೇ 1972ರ ಫೆಬ್ರವರಿ 15ರಿಂದ. ನ್ಯೂಯಾರ್ಕಿನ ಬೋರಿಸ್ ರೋಸ್ ಎಂಬಾತ ಬರ್ಡ್‌ಲ್ಯಾಂಡ್ ಕ್ಲಬ್ಬಿನಿಂದ ರೇಡಿಯೋದಲ್ಲಿ ಬರುತ್ತಿದ್ದ ಕಛೇರಿಗಳನ್ನು ಮನೆಯಲ್ಲೇ ಮುದ್ರಿಸಿಕೊಂಡು, ನಂತರ ‘ಓಝೋನ್’, ‘ಸೆಶನ್ ಡಿಸ್ಕ್’ ಮುಂತಾದ ಹೆಸರುಗಳಲ್ಲಿ ತಟ್ಟೆ ಮಾಡಿ ಮಾರಿದ. ಆತ ಮುದ್ರಿಸಿರದಿದ್ದರೆ ಆ ರಾತ್ರಿಗಳ ಎಷ್ಟೋ ಸಂಗೀತ ಗಾಳಿಯಲ್ಲೇ ಕರಗಿಹೋಗುತ್ತಿತ್ತು. ಇದು ಒಪ್ಪಬೇಕಾದ ಮಾತೇ. ಆದರೆ ಉಳಿಸಿದ ಪುಣ್ಯ ಬೇರೆ, ನುಡಿಸಿದವನ ಪಾಲು ಬೇರೆ.

ಈ ಪಾಲಿಗಾಗಿ ಜಗಳಕ್ಕೆ ನಿಂತ ಹೆಂಗಸು ಸೂ ಮಿಂಗಸ್. ಆಕೆಯ ಪತಿ, ಖ್ಯಾತ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ 1979ರಲ್ಲಿ ತೀರಿಕೊಂಡರು. ಅವರ ಯುರೋಪಿನ ಕಛೇರಿಗಳ ಕಳ್ಳಪ್ರತಿಗಳು ಪ್ಯಾರಿಸ್ಸಿನ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದುದನ್ನು ಕಂಡ ಸೂ, ಅವನ್ನು ಎಲ್ಲರೆದುರಿಗೇ ಎತ್ತಿಕೊಂಡು, ಹಣ ಕೊಡದೆ ಹೊರನಡೆದರು. ಅಷ್ಟಕ್ಕೇ ಬಿಡಲಿಲ್ಲ. ‘ರಿವೆಂಜ್’, ಅಂದರೆ ಸೇಡು, ಎಂಬ ಹೆಸರಿನಲ್ಲೇ ಕಂಪೆನಿ ಕಟ್ಟಿ, ಕಳ್ಳರು ಮಾರುತ್ತಿದ್ದ 1964ರ ಪ್ಯಾರಿಸ್ ಕಛೇರಿಯನ್ನು 1996ರಲ್ಲಿ ತಾವೇ ಹೊರತಂದರು. 2022ರಲ್ಲಿ ಸೂ ನಿಧನರಾದರು.

ಮಿಂಗಸ್ ಹೆಸರು ಕನ್ನಡಿಗರಿಗೆ ತೀರ ದೂರದ್ದೇನಲ್ಲ. ಅವರ 1963ರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಚಾರ್ಲಿ ಮರಿಯಾನೊ ಮುಂದೆ ಬೆಂಗಳೂರಿನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ‘ಜ್ಯೋತಿ’ ಎಂಬ ಎಲ್‌ಪಿ ಮಾಡಿದರು. ಜರ್ಮನಿಯ ಇಸಿಎಂ ಕಂಪೆನಿ ಅದನ್ನು ಹೊರತಂದದ್ದು 1983ರಲ್ಲಿ.

ಇನ್ನು ಕೊಳ್ಳುವವನ ಪಾಡು. ಅತಿ ಹೆಚ್ಚು ಬೆಲೆ ಬರುವುದು ನ್ಯೂಯಾರ್ಕಿನ ಬ್ಲೂ ನೋಟ್ ಕಂಪೆನಿಯ 1950-60ರ ದಶಕಗಳ ಮೊದಲ ಅಚ್ಚಿನ ಪ್ರತಿಗಳಿಗೆ. ಹ್ಯಾಂಕ್ ಮೋಬ್ಲಿಯ 1568 ಸಂಖ್ಯೆಯ ಎಲ್‌ಪಿಗೆ ಸಾವಿರಗಟ್ಟಲೆ ಡಾಲರು ಎಣಿಸಿದವರಿದ್ದಾರೆ. ಖೋಟಾ ನೋಟನ್ನು ಬೆಳಕಿಗೆ ಹಿಡಿಯುವಂತೆ ಇಲ್ಲಿ ತಟ್ಟೆಯನ್ನು ಓರೆಯಾಗಿ ಹಿಡಿದು, ಸಂಗೀತದ ಗೆರೆ ಮುಗಿದು ಲೇಬಲ್ ಶುರುವಾಗುವ ಖಾಲಿ ಪಟ್ಟಿಯನ್ನು ನೋಡಬೇಕು. ಧ್ವನಿಮುದ್ರಕ ರೂಡಿ ವಾನ್ ಗೆಲ್ಡರ್ ಅವರ ‘ಆರ್‌ವಿಜಿ’ ಗುರುತು ಅಲ್ಲಿರುತ್ತದೆ. ಕಿವಿಯಾಕಾರದ ಇನ್ನೊಂದು ಗೀರೂ ಇರಬೇಕು. ಅದು ಪ್ಲಾಸ್ಟಿಲೈಟ್ ಕಾರ್ಖಾನೆಯ ‘ಪಿ’ ಅಕ್ಷರ. 1966ರಲ್ಲಿ ಬ್ಲೂ ನೋಟ್ ಲಿಬರ್ಟಿ ಕಂಪೆನಿಯ ಪಾಲಾದ ಮೇಲೆ ಈ ‘ಕಿವಿ’ ಮಾಯವಾಯಿತು. ಲೇಬಲಿನಲ್ಲಿ ಹಳೆಯ ವಿಳಾಸವಿದೆಯೆಂದು ನಂಬಿದರೆ ಕೆಟ್ಟಿರಿ. ಉಳಿದುಹೋಗಿದ್ದ ಹಳೆಯ ಲೇಬಲುಗಳನ್ನೇ ಲಿಬರ್ಟಿ ಹೊಸ ತಟ್ಟೆಗಳಿಗೆ ಹಚ್ಚಿದ್ದುಂಟು. ಅದು ಖೋಟಾ ಅಲ್ಲ, ಆದರೆ ಮೊದಲ ಅಚ್ಚೂ ಅಲ್ಲ. ನಿಜವಾದ ಖೋಟಾ ಪ್ರತಿಯಲ್ಲಿ ಸಾಮಾನ್ಯವಾಗಿ ಹೊದಿಕೆಯೇ ಸುಳಿವು ಕೊಡುತ್ತದೆ: ಫೋಟೋದ ಫೋಟೋ ತೆಗೆದಂತೆ ಚಿತ್ರ ಮಬ್ಬು, ಅಕ್ಷರ ದಪ್ಪ.

ಮೂರನೆಯದೊಂದು ಮಾಲು ಇದೆ, ಕಳ್ಳನೂ ಅಲ್ಲ ಸಾಚಾವೂ ಅಲ್ಲ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿ 50 ವರ್ಷವಿತ್ತು. 2011ರಲ್ಲಿ ಅದನ್ನು 70ಕ್ಕೆ ಏರಿಸುವ ತೀರ್ಮಾನವಾದರೂ ಅವಧಿ ಮುಗಿದದ್ದಕ್ಕೆ ಮತ್ತೆ ಜೀವ ಬರಲಿಲ್ಲ. ಹೀಗಾಗಿ 1962ರವರೆಗೆ ಹೊರಬಂದ ಜಾಝನ್ನು ಅಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದು. ಮೂಲ ಟೇಪು ಸಿಗದವರು ಸಿಡಿಯನ್ನೋ ಹಳೆಯ ತಟ್ಟೆಯನ್ನೋ ಇಟ್ಟುಕೊಂಡು ಹೊಳೆಯುವ ಹೊಸ ಎಲ್‌ಪಿ ಮಾಡುತ್ತಾರೆ. ಅಲ್ಲಿ ಅದು ಕಾನೂನುಬದ್ಧ. ಕಲಾವಿದನ ಮನೆಗೆ ಮಾತ್ರ ಬಿಡಿಗಾಸೂ ಹೋಗಬೇಕಾಗಿಲ್ಲ.

ಇಷ್ಟೆಲ್ಲ ವಿದೇಶಿ ತಟ್ಟೆಗಳ ಗಲಾಟೆಯಲ್ಲಿ ಮುಂಬಯಿಯದೇ ಜಾಝ್ ಮರೆಗೆ ಸರಿದಿದೆ. 1935ರಲ್ಲಿ ಲಿಯಾನ್ ಆಬಿಯ ತಂಡ ತಾಜ್ ಹೋಟೆಲಿಗೆ ಬಂತು. ಅಮೆರಿಕದ ಕಹಳೆವಾದಕ ಕ್ರಿಕೆಟ್ ಸ್ಮಿತ್ 1936ರಲ್ಲಿ ಈ ಊರಿನಲ್ಲೇ ಧ್ವನಿಮುದ್ರಣ ಮಾಡಿದ. ಅದೇ ತಾಜ್‌ನಲ್ಲಿ ನುಡಿಸಿದ ಪಿಯಾನೊವಾದಕ ಟೆಡ್ಡಿ ವೆದರ್‌ಫರ್ಡ್ 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದಿಂದ ಸತ್ತ. ಆ ಕಾಲದ ತಟ್ಟೆಗಳು ಅರಗಿನವು, ಕೈತಪ್ಪಿ ಬಿದ್ದರೆ ಚೂರು. ಹಳೆಯ ಕಟ್ಟಡಗಳು ರೀಡೆವಲಪ್‌ಮೆಂಟಿಗೆ ಹೋಗುವಾಗ ಅಜ್ಜನ ಕಪಾಟಿನಿಂದ ಇಂಥವು ಹೊರಬರುವುದುಂಟು. ದಮ್‌ದಮ್ ಕಾರ್ಖಾನೆಯ ಗುರುತು ಕಂಡೊಡನೆ ನಕಲೆಂದು ಮೂಗುಮುರಿಯಬೇಕಿಲ್ಲ. ಅದು ಪರವಾನಗಿ ಪಡೆದು ಇಲ್ಲೇ ಅಚ್ಚಾದ ಮಾಲು. ರದ್ದಿವಾಲಾ ತಕ್ಕಡಿ ಎತ್ತುವ ಮೊದಲು ಒಮ್ಮೆ ಲೇಬಲ್ ಓದಿದರೆ ಸಾಕು.