ಬೊಂಬೆಮನೆ ಆಟಕ್ಕೆ ಎಷ್ಟು ಸಾವಿರದ ಕಂಪ್ಯೂಟರ್ ಬೇಕು?

ಗೂಡು ಮಾರಿದ ದುಡ್ಡಿಗೆ ಹೊಸ ವಾರಸುದಾರ!

ಕೂಟಗಲ್: ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಹರಾಜಾಗಿ ದುಡ್ಡು ಬಂತು ಅಂದರೆ ರೇಷ್ಮೆ ಬೆಳೆಗಾರನ ಮನೆಯಲ್ಲಿ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಚಾಕಿ ಹುಳುವಿನ ಬಾಕಿ, ಕೊಂಡ ಸೊಪ್ಪಿನ ಬಾಕಿ, ಸೊಸೈಟಿ ಕಂತು, ಅಂಗಡಿ ಉದ್ರಿ. ಈಗ ಆ ಪಟ್ಟಿಯ ತಳದಲ್ಲಿ ಮಕ್ಕಳು ಇನ್ನೊಂದು ಸಾಲು ಸೇರಿಸುತ್ತಿದ್ದಾರೆ. ಕಂಪ್ಯೂಟರ್!

ಯಾತಕ್ಕಮ್ಮಾ ಅಂದರೆ ಮೊದಲ ಉತ್ತರ ‘ಓದೋಕೆ ಅಪ್ಪಾ’. ಎರಡನೇ ಸಲ ಗದರಿಸಿ ಕೇಳಿದರೆ ನಿಜ ಹೊರಬೀಳುತ್ತದೆ. ‘ಓದೋಕೂ ಹೌದು, ಸಿಮ್ಸ್ ಆಡೋಕೂ ಹೌದು.’

ಆಟ ಅಂದ ತಕ್ಷಣ ಅಪ್ಪನ ಎದೆ ಧಸಕ್ ಅನ್ನುವುದರಲ್ಲಿ ತಪ್ಪಿಲ್ಲ. ಮೊಬೈಲ್ ರಮ್ಮಿಯಲ್ಲಿ ಮನೆಮಠ ಕಳೆದುಕೊಂಡವರ ಕತೆ ಎಲ್ಲ ಹೋಬಳಿಯಲ್ಲೂ ಇದೆ. ಅದಕ್ಕೇ ತಾನೇ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದು. ಆದರೆ ಹುಡುಗಿ ಕೇಳುತ್ತಿರುವುದು ಆ ಆಟವಲ್ಲ. ಇದರಲ್ಲಿ ಪಣವಿಲ್ಲ, ಗೆದ್ದ ದುಡ್ಡಿಲ್ಲ, ಸೋತ ದುಡ್ಡೂ ಇಲ್ಲ. ಒಂದು ಮನೆ ಕಟ್ಟಬೇಕು, ಅದರಲ್ಲಿ ನಾಲ್ಕು ಜನರನ್ನು ಇಡಬೇಕು, ಅವರಿಗೆ ಹಸಿವಾದಾಗ ಉಣ್ಣಿಸಬೇಕು, ನಿದ್ದೆ ಬಂದಾಗ ಮಲಗಿಸಬೇಕು, ಕೆಲಸಕ್ಕೆ ಕಳಿಸಬೇಕು, ಕರೆಂಟ್ ಬಿಲ್ಲು ಕಟ್ಟಿಸಬೇಕು. ಕಟ್ಟದಿದ್ದರೆ ಆ ಮನೆಗೂ ಕರೆಂಟ್ ಕಟ್! ನಮ್ಮ ಸಂಸಾರವೇ ಸಾಲದಾ ಅಂತ ಅಮ್ಮಂದಿರು ನಗಬಹುದು.

ನಗುವ ಮೊದಲು ಒಂದು ಮಾತು. ಪಕ್ಕದ ಚನ್ನಪಟ್ಟಣದಲ್ಲಿ ಆಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ, ಪುಟ್ಟ ಒಲೆ, ಪುಟ್ಟ ಬೀಸೋಕಲ್ಲು ಮಾಡಿ ಮಾರುತ್ತಾ ಬಂದದ್ದು ಇದೇ ಆಟಕ್ಕಲ್ಲವೇ? ಅಮ್ಮ, ಅಜ್ಜಿ ಎಲ್ಲರೂ ಜಗಲಿಯ ಮೇಲೆ ಆಡಿದ ಅಡುಗೆ ಆಟವೇ ಇದು. ಇದನ್ನು ಹುಟ್ಟುಹಾಕಿದ ಅಮೆರಿಕದ ವಿಲ್ ರೈಟ್ 1991ರಲ್ಲಿ ಓಕ್‌ಲೆಂಡ್‌ನ ದೊಡ್ಡ ಬೆಂಕಿಯಲ್ಲಿ ಮನೆ ಕಳೆದುಕೊಂಡವನು. ಸುಟ್ಟುಹೋದ ಸಾಮಾನುಗಳನ್ನು ಒಂದೊಂದಾಗಿ ಮತ್ತೆ ಕೊಳ್ಳುವಾಗ, ಮನುಷ್ಯನಿಗೆ ನಿಜಕ್ಕೂ ಏನೇನು ಬೇಕು ಅಂತ ಯೋಚನೆ ಹತ್ತಿತು. ಆ ಯೋಚನೆಯೇ ಆಟವಾಯಿತು. ತಯಾರಾಗುತ್ತಿದ್ದಾಗ ಅದಕ್ಕೆ ಇದ್ದ ಹೆಸರೇ ಬೊಂಬೆಮನೆ. ಅವನ ಕಂಪನಿಯವರಿಗೆ ಮೊದಲು ಅದು ರುಚಿಸಲಿಲ್ಲ. 2000ದ ಫೆಬ್ರುವರಿಯಲ್ಲಿ ‘ದಿ ಸಿಮ್ಸ್’ ಅಂತ ಹೊರಬಂದ ಮೇಲೆ ಜಗತ್ತೇ ಮುಗಿಬಿತ್ತು. ಬೊಂಬೆನಾಡಿನ ಪಕ್ಕದ ಮಕ್ಕಳಿಗೆ ಅದು ಹಿಡಿಸಿದರೆ ಆಶ್ಚರ್ಯವೇನು?

ಈಗ ನಡೆಯುತ್ತಿರುವುದು ನಾಲ್ಕನೆಯ ಸಿಮ್ಸ್. 2014ರಲ್ಲಿ ಬಂದದ್ದು. 2022ರ ಅಕ್ಟೋಬರ್‌ನಿಂದ ಇದರ ಮೂಲ ಆಟಕ್ಕೆ ಕಾಸು ಕೊಡಬೇಕಿಲ್ಲ, ಪುಕ್ಕಟೆ. ಹಾಗಾದರೆ ಖರ್ಚು ಎಲ್ಲಿ? ಆಡುವ ಯಂತ್ರದಲ್ಲಿ.

ಮೊಬೈಲಿನಲ್ಲೇ ಆಡಬಹುದಲ್ಲ ಅಂತ ಕೇಳುವವರುಂಟು. 2018ರಲ್ಲಿ ಬಂದ ‘ಸಿಮ್ಸ್ ಮೊಬೈಲ್’ 2026ರ ಜನವರಿಯಲ್ಲಿ ಬಾಗಿಲು ಹಾಕಿತು. ವರ್ಷಗಟ್ಟಲೆ ಕಟ್ಟಿದ ಮನೆಗಳು ಒಂದೇ ದಿನ ಮಾಯ. ಹುಡುಗರು ಕಂಪ್ಯೂಟರೇ ಬೇಕು ಅಂತ ಹಟ ಹಿಡಿಯುವುದಕ್ಕೆ ಅದೂ ಒಂದು ಕಾರಣ.

ಐ5 ಅಂದರೆ ಎಲ್ಲ ಒಂದೇ ಅಲ್ಲ

ಕಂಪನಿಯೇ ಹೇಳುವ ಕನಿಷ್ಠ ಲೆಕ್ಕ ನೋಡಿದರೆ ಸಿಮ್ಸ್ 4 ಬಡವರ ಆಟ. 64 ಬಿಟ್‌ನ ವಿಂಡೋಸ್ 10, ಇಂಟೆಲ್ ಐ3-3220, 4 ಜಿಬಿ ರ‍್ಯಾಮ್, 26 ಜಿಬಿ ಜಾಗ. ಆ ಐ3 ಚಿಪ್ 2012ರದ್ದು, ಅಷ್ಟು ಹಳೆಯದು! ಆದರೆ ಕನಿಷ್ಠ ಅಂದರೆ ಬಸ್ಸಿನ ಫುಟ್‌ಬೋರ್ಡ್ ಪ್ರಯಾಣವಿದ್ದ ಹಾಗೆ. ಊರು ತಲುಪಬಹುದು, ಸುಖವಿಲ್ಲ. ಕೂತು ಹೋಗಬೇಕೆಂದರೆ ನಾಲ್ಕು ಕೋರ್‌ನ ಐ5 ಅಥವಾ ರೈಜನ್ 5, 8 ಜಿಬಿ ರ‍್ಯಾಮ್, 50 ಜಿಬಿ ಖಾಲಿ ಜಾಗ ಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೂ ನಡೆಯುತ್ತದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ಲ್ಯಾಪ್‌ಟಾಪ್ ಮೋಡ್ ಅಂತಲೇ ಒಂದಿದೆ; ಚಿತ್ರದ ನಯ ಸ್ವಲ್ಪ ತಗ್ಗುತ್ತದೆ, ಆಟ ತಡವರಿಸುವುದಿಲ್ಲ.

ಇಲ್ಲಿಂದ ಮುಂದೆ ಮೋಸ ಹೋಗುವ ಜಾಗ ಶುರು.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಾಗಲಿ, ಇತ್ತ ರಾಮನಗರದ ಅಂಗಡಿಗಳಲ್ಲಾಗಲಿ ಕಂಪನಿ ಬಿಟ್ಟ ಲ್ಯಾಪ್‌ಟಾಪ್ ಸಿಗುತ್ತವೆ. ದೊಡ್ಡ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ಸಗಟು ಲೆಕ್ಕದಲ್ಲಿ ಕಳಿಸಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು. ಮೈ ಗಟ್ಟಿ, ಕೀಬೋರ್ಡ್ ಚೆನ್ನ. ಹದಿನೈದರಿಂದ ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿ ವ್ಯಾಪಾರ ಕುದುರುತ್ತದೆ. ಗೂಡಿನ ದುಡ್ಡಿಗೆ ಇದೇ ಸರಿಯಾದ ಅಂಗಡಿ. ಆದರೆ ಅಂಗಡಿಯವನು ‘ಐ5 ಗೌಡ್ರೇ, ಕಣ್ಮುಚ್ಚಿ ತಗೊಳ್ಳಿ’ ಅಂದರೆ ಕಣ್ಣು ತೆರೆದೇ ಇರಬೇಕು.

ಐ5 ಎಂಬುದು ಮನೆತನದ ಹೆಸರು ಮಾತ್ರ. ಯಾವ ತಲೆಮಾರು ಎಂಬುದು ಮುಂದಿನ ಅಂಕಿಯಲ್ಲಿದೆ. ಐ5-7200 ಅಂದರೆ ಏಳನೆಯ ತಲೆಮಾರು. ಐ5-8250 ಅಂದರೆ ಎಂಟನೆಯದು. ಐ5-10210 ಅಂದರೆ ಹತ್ತನೆಯದು. ಏಳಕ್ಕೂ ಎಂಟಕ್ಕೂ ಅಂತಹ ವ್ಯತ್ಯಾಸವೇನು ಅಂದರೆ, ಆ ಏಳರ ಹೊಟ್ಟೆಯಲ್ಲಿ ಎರಡೇ ಕೋರ್, ಎಂಟರಲ್ಲಿ ನಾಲ್ಕು. ಒಂದು ಎತ್ತಿನ ಜೋಡಿಗೂ ಎರಡು ಜೋಡಿಗೂ ಇರುವ ವ್ಯತ್ಯಾಸ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ರಿಪೇರಿ ಸೇವೆ ನಿಲ್ಲಿಸಿದರು. ವಿಂಡೋಸ್ 11 ಹಾಕಬೇಕೆಂದರೆ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಿನಿಂದ ಈಚೆಯದೇ ಆಗಬೇಕು ಅಂತ ಅವರ ನಿಯಮ. ಎಂಟಕ್ಕಿಂತ ಹಳೆಯ ಯಂತ್ರ ಎಂಟು ಹತ್ತು ಸಾವಿರಕ್ಕೆ ಸಿಗುತ್ತಿದೆ ಅಂದರೆ ಅದರ ಹಿಂದೆ ಈ ಗುಟ್ಟಿದೆ. ‘ವಿಂಡೋಸ್ 11 ಹಾಕ್ಕೊಡ್ತೀನಿ’ ಅಂತ ಅಡ್ಡದಾರಿಯಲ್ಲಿ ತುಂಬಿ ಕೊಡುವವರೂ ಉಂಟು. ಎಲ್ಲ ಅಂಗಡಿಯವರೂ ಹಾಗಲ್ಲ. ಹಾಗಿರುವವರನ್ನು ಗುರುತು ಹಿಡಿಯುವುದು ಕೊಳ್ಳುವವನ ಕೆಲಸ. ಅಲ್ಲೇ ಕೂತು ಟಾಸ್ಕ್ ಮ್ಯಾನೇಜರ್ ತೆರೆದರೆ ಚಿಪ್ಪಿನ ಪೂರ್ತಿ ಹೆಸರು ಪರದೆಯ ಮೇಲೆ ಬರುತ್ತದೆ. ಸ್ಟಿಕ್ಕರ್ ನಂಬಬಾರದು. ಸ್ಟಿಕ್ಕರ್ ಅಂಟಿಸಲು ಎಷ್ಟು ಹೊತ್ತು ಬೇಕು?

ಹೊಸದೇ ಬೇಕು, ಡಬ್ಬ ನಾವೇ ಒಡೆಯಬೇಕು ಅನ್ನುವವರ ಎದುರು ಇನ್ನೊಂದು ಗುಂಡಿ ಇದೆ. ಇಪ್ಪತ್ತು ಸಾವಿರದ ಸುತ್ತ ಸಿಗುವ ಹೊಚ್ಚ ಹೊಸ ಲ್ಯಾಪ್‌ಟಾಪ್! ಒಳಗೆ ಸೆಲೆರಾನ್ ಚಿಪ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ವಿಂಡೋಸ್ 11 ಕೂರಲು ಬೇಕಾದ ಕನಿಷ್ಠ ಜಾಗವೇ 64 ಜಿಬಿ. ಬೊಂಬೆಮನೆ ಎಲ್ಲಿ ಕಟ್ಟುವುದು, ಸೂರಿನ ಮೇಲೋ? ಕ್ರೋಮ್‌ಬುಕ್ ಅಂತ ಇನ್ನೊಂದು ಬರುತ್ತದೆ. ಪಾಠಕ್ಕೆ ಸರಿ, ಈ ಆಟ ಅದಕ್ಕೆ ಇಳಿಯುವುದಿಲ್ಲ. ಹೊಸ ಡಬ್ಬದಲ್ಲಿ ಐ3 ಅಥವಾ ರೈಜನ್, 8 ಜಿಬಿ, 512 ಜಿಬಿ ಬೇಕೆಂದರೆ ಮೂವತ್ತು ಸಾವಿರ ದಾಟುವ ಧೈರ್ಯ ಮಾಡಬೇಕು. ಅದೂ 2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿದೆ. ಎಐ ಕಂಪನಿಗಳು ಚಿಪ್‌ಗಳನ್ನು ಲಾರಿಗಟ್ಟಲೆ ಎತ್ತುತ್ತಿರುವುದರ ಬಿಸಿ ಇಲ್ಲಿಯ ಗೂಡಿನ ದುಡ್ಡಿಗೂ ತಟ್ಟಿದೆ. ‘ಈಗ 4 ಜಿಬಿ ತಗೊಂಡು ಆಮೇಲೆ ಹಾಕಿಸಿಕೊಳ್ಳೋಣ’ ಅನ್ನುವ ಹಳೇ ಲೆಕ್ಕ ಈಗ ನಡೆಯದು. ಮೊದಲೇ 8 ಇರುವುದನ್ನು ಹಿಡಿಯುವುದು ಜಾಣತನ. ಆ 8 ಕೂಡ ಒಂದೇ ಪಟ್ಟಿಯ ಬದಲು 4ರ ಎರಡು ಪಟ್ಟಿಯಲ್ಲಿದ್ದರೆ, ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರದಲ್ಲಿ ಆಟ ಇನ್ನೂ ಚುರುಕು.

ಹಳೇ ಸುತ್ತುವ ಹಾರ್ಡ್‌ಡಿಸ್ಕ್ ಇದ್ದರೆ ಬೇಡವೇ ಬೇಡ. ಎಸ್‌ಎಸ್‌ಡಿ ಇರಲಿ. ಇಲ್ಲವಾದರೆ ಆಟ ತೆರೆಯುವಷ್ಟರಲ್ಲಿ ಹುಳುವಿಗೆ ಒಂದು ಸಲ ಸೊಪ್ಪು ಹಾಕಿ ಬರಬಹುದು.

ಹದಿನೆಂಟು ದಿನದ ಡೌನ್‌ಲೋಡ್

ಯಂತ್ರ ಮನೆಗೆ ಬಂತು ಅಂದುಕೊಳ್ಳಿ. ಆಟ ಹೇಗೆ ಬರಬೇಕು? ಸೀಡಿ ಕಾಲ ಹೋಯಿತು, ಗಾಳಿಯಲ್ಲೇ ಬರಬೇಕು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನಲ್ಲಿ 26 ಜಿಬಿ ಇಳಿಸಲು ಹದಿನೆಂಟು ದಿನ. ಚಾಕಿ ಕಟ್ಟಿದ ದಿನ ಶುರು ಮಾಡಿದರೆ ಹುಳು ನಾಲ್ಕನೇ ಜ್ವರಕ್ಕೆ ಕೂರುವ ಹೊತ್ತಿಗೆ ಆಟ ಇಳಿದಿರುತ್ತದೆ. ಅಷ್ಟೂ ದಿನ ಮನೆಯಲ್ಲಿ ಯಾರೂ ಇನ್ನೊಂದು ವಿಡಿಯೊ ನೋಡಕೂಡದು. ಅದಕ್ಕಿಂತ ಫೈಬರ್ ಇರುವ ನೆಂಟರ ಮನೆಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ, ಒಂದು ರಾತ್ರಿ ಅಲ್ಲೇ ಉಂಡು ಮಲಗಿ, ಇಳಿಸಿಕೊಂಡು ಬರುವುದು ವಾಸಿ. ಒಮ್ಮೆ ನೆಟ್‌ನಲ್ಲಿ ಖಾತೆ ತೆರೆದು ಚಾಲೂ ಮಾಡಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ಆಡಬಹುದು.

ಡೆಸ್ಕ್‌ಟಾಪ್ ಅಗ್ಗ ಅಲ್ಲವೇ? ಅಗ್ಗವೇ. ಬಳಸಿದ ಕಚೇರಿ ಡೆಸ್ಕ್‌ಟಾಪ್, ಹಳೇ ಮಾನಿಟರ್ ಸೇರಿಸಿದರೂ ಲ್ಯಾಪ್‌ಟಾಪ್‌ಗಿಂತ ಕಡಿಮೆಗೆ ಬರುತ್ತದೆ. ಪೇಟೆಯ ಅಂಗಡಿಯವರಿಗೆ ಅದೇ ಸರಿ. ಹಗಲು ಜಿಎಸ್‌ಟಿ ಬಿಲ್ಲು, ಸ್ಟಾಕ್ ಲೆಕ್ಕ. ರಾತ್ರಿ ಷಟರ್ ಎಳೆದ ಮೇಲೆ ಮಗಳ ಬೊಂಬೆಮನೆ. ಹಳ್ಳಿಯ ಮಾತು ಬೇರೆ. ಕರೆಂಟ್ ಯಾವಾಗ ಕಣ್ಣು ಮಿಟುಕಿಸುತ್ತದೋ ಹೇಳಬರುವುದಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡದೆ ಕಟ್ಟಿದ ಮನೆ ಕರೆಂಟಿನ ಜೊತೆಗೇ ಹೋಗುತ್ತದೆ. ಯುಪಿಎಸ್ ಖರ್ಚು ಸೇರಿಸಿ ಕೂಡಿಸಿದರೆ ಲ್ಯಾಪ್‌ಟಾಪ್‌ಗೂ ಅದಕ್ಕೂ ಅಂತರ ಅಷ್ಟಕ್ಕಷ್ಟೆ.

ಯಾವುದಾದರೂ ಸರಿ, ಹುಳುಮನೆಯಲ್ಲಿ ಮಾತ್ರ ಇಡಬಾರದು. ಸುಣ್ಣದ ಪುಡಿ, ಬ್ಲೀಚಿಂಗ್ ಪುಡಿ ಫ್ಯಾನಿನೊಳಗೆ ಹೊಕ್ಕು ಕೂತರೆ ಚಿಪ್ಪು ಕಾಯುತ್ತದೆ, ಕಾದ ಚಿಪ್ಪು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆಮೇಲೆ ಅಂಗಡಿಯವನನ್ನು ಬೈದು ಫಲವಿಲ್ಲ.

ಇನ್ನು ಪುಕ್ಕಟೆ ಆಟದ ಮಜಕೂರು. ಮೂಲ ಆಟ ಪುಕ್ಕಟೆಯೇ, ಸುಳ್ಳಲ್ಲ. ಆದರೆ ನಾಯಿ ಬೆಕ್ಕು ಬೇಕೆಂದರೆ ಒಂದು ಪ್ಯಾಕ್, ಮಳೆ ಚಳಿ ಬೇಕೆಂದರೆ ಇನ್ನೊಂದು, ಹಳ್ಳಿ ತೋಟ ಬೇಕೆಂದರೆ ಮತ್ತೊಂದು. ಎಲ್ಲ ಪ್ಯಾಕ್ ಪೂರ್ತಿ ಬೆಲೆಗೆ ಕೊಳ್ಳಲು ಹೊರಟರೆ ಕಂಪ್ಯೂಟರಿನ ಬೆಲೆಯನ್ನೂ ಮೀರಿಸುತ್ತದೆ. ಬೊಂಬೆ ಪುಕ್ಕಟೆ ಕೊಟ್ಟು ಬೊಂಬೆಯ ಬಟ್ಟೆ ಮಾರುವ ವ್ಯಾಪಾರ! ಅಪ್ಪನ ಕಾರ್ಡ್ ನಂಬರ್ ಆ ಖಾತೆಯಲ್ಲಿ ಉಳಿಸದಿರುವುದೇ ಕ್ಷೇಮ. ಪ್ಯಾಕ್ ಒಂದೂ ಇಲ್ಲದೆಯೇ ತಿಂಗಳುಗಟ್ಟಲೆ ಆಡಲು ಸಾಮಾನು ಇದೆ.

ಹುಡುಗರ ಬಾಯಲ್ಲಿ ಈಗ ‘ಇನ್‌ಝೋಯ್’ ಎಂಬ ಇನ್ನೊಂದು ಹೆಸರೂ ಓಡಾಡುತ್ತಿದೆ. ಪಬ್‌ಜಿಯ ಕೊರಿಯಾ ಕಂಪನಿ ಕ್ರಾಫ್ಟನ್ 2025ರ ಮಾರ್ಚ್‌ನಲ್ಲಿ ತಂದದ್ದು. ಚಿತ್ರ ಸಿನಿಮಾ ಥರ ಇದೆ ನಿಜ. ಅದರ ಕನಿಷ್ಠ ಬೇಡಿಕೆಯೇ 12 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 2060 ಗ್ರಾಫಿಕ್ಸ್ ಕಾರ್ಡ್. ಅಂತಹ ಯಂತ್ರಕ್ಕೆ ಒಂದು ಬೆಳೆ ಗೂಡಲ್ಲ, ಹಲವು ಬೆಳೆ ಸುರಿಯಬೇಕು. ಈಗ ಬೇಡ ಅನ್ನುವುದರಲ್ಲಿ ಅಪ್ಪನ ತಪ್ಪೇನೂ ಇಲ್ಲ.

ಕೈಯಲ್ಲಿ ಇರುವುದೇ ಹತ್ತು ಸಾವಿರ ಅಂದರೂ ದಾರಿ ಪೂರ್ತಿ ಮುಚ್ಚಿಲ್ಲ. ‘ಸ್ಟಾರ್‌ಡ್ಯೂ ವ್ಯಾಲಿ’ ಅಂತ 2016ರ ಆಟವೊಂದಿದೆ. ಎರಿಕ್ ಬರೋನ್ ಎಂಬ ಒಬ್ಬನೇ ಆಸಾಮಿ ನಾಲ್ಕು ವರ್ಷಕ್ಕೂ ಮೇಲೆ ಕೂತು ಮಾಡಿದ್ದು. ಅಜ್ಜ ಬಿಟ್ಟುಹೋದ ಪಾಳು ಜಮೀನಿಗೆ ಪಟ್ಟಣದ ಕೆಲಸ ಬಿಟ್ಟು ಬಂದು ಬೇಸಾಯ ಮಾಡುವ ಕತೆ. 2 ಜಿಬಿ ರ‍್ಯಾಮ್ ಇದ್ದರೆ ಓಡುತ್ತದೆ, ಜಾಗ 500 ಎಂಬಿ ಸಾಕು. ಆಟಕ್ಕೆ ಕಾಸು ಕೊಡಬೇಕು, ಆದರೆ ಒಂದೇ ಸಲ. ಜಮೀನು ಬಿಟ್ಟು ಪಟ್ಟಣಕ್ಕೆ ಓಡುವ ಮಕ್ಕಳು ಪರದೆಯ ಮೇಲೆ ಕಳೆ ಕೀಳುವುದನ್ನು ನೋಡಿ ತಾತಂದಿರು ಏನನ್ನುತ್ತಾರೋ!

ಕೊಳ್ಳುವ ದಿನ ಮಗಳನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು. ಶಕ್ತಿ ಯೋಜನೆ ಬಂದ 2023ರಿಂದ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಇಲ್ಲ. ಒಂದು ಸಲ ವಿಚಾರಿಸಿ ಬರಲು, ಇನ್ನೊಂದು ಸಲ ಕೊಳ್ಳಲು ಹೋದರೂ ಖರ್ಚು ಅಪ್ಪನದು ಮಾತ್ರ. ಅಂಗಡಿಯಲ್ಲಿ ಚಾರ್ಜರ್ ಕಿತ್ತು ಅರ್ಧ ಗಂಟೆ ವಿಡಿಯೊ ಓಡಿಸಬೇಕು. ಬ್ಯಾಟರಿ ಎಷ್ಟು ಇಳಿಯಿತು, ತಳ ಎಷ್ಟು ಕಾಯಿತು ಎರಡೂ ಗೊತ್ತಾಗುತ್ತವೆ. ಆಫ್ ಮಾಡಿ ಮತ್ತೆ ಆನ್ ಮಾಡಿಸಬೇಕು. ಹಳೇ ಕಂಪನಿಯ ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಎದ್ದು ಬರಬೇಕು. ವಾರಂಟಿ ಎಷ್ಟು ತಿಂಗಳು, ಬ್ಯಾಟರಿಗೂ ಉಂಟೋ ಇಲ್ಲವೋ ಬಾಯಿಮಾತಿನಲ್ಲಿ ಬೇಡ. ಯಂತ್ರದ ಬೆನ್ನಿನ ಸೀರಿಯಲ್ ನಂಬರ್ ಸಮೇತ ಜಿಎಸ್‌ಟಿ ಬಿಲ್ಲಿನ ಮೇಲೆ ಬರೆಸಿಕೊಂಡ ಮೇಲೆಯೇ ದುಡ್ಡು ಎಣಿಸುವುದು.